ಫೊಂತೆಲಾ ಬ್ಯಾಂಡಿಗೆ ಹೊಸ ಮೇಷ್ಟ್ರು

ಫೊಂತೆಲಾ,
7 ಮಾರ್ಚ್ 1988

ಪೂಜ್ಯ ಮೇಷ್ಟ್ರಿಗೆ,

ಗ್ರಾಸಿಯೆತ್ ಮಾಡುವ ನಮಸ್ಕಾರಗಳು. ಸಮುದ್ರದ ಗಾಳಿ ನಿಮಗೆ ಒಗ್ಗಿದೆ ಎಂದುಕೊಂಡಿದ್ದೇನೆ. ಎರಡು ಸಲ ಫೋನ್ ಮಾಡಿದೆ. ನಿಮ್ಮ ಅಕ್ಕ ಎರ್ಮೆಲಿಂದಾ ಅವರು, "ಅವನು ಫೋನಿಗೆ ಬರಲ್ಲಮ್ಮ, ಏನಿದ್ರೂ ಕಾಗದ ಬರಿ" ಎಂದರು. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ಸೂಪು ಕುದಿಯಲಿಟ್ಟು ಬರೆಯುತ್ತಿದ್ದೇನೆ. ಹಾಳೆಯ ಮೇಲೆ ಎಣ್ಣೆಯ ಕಲೆ ಕಂಡರೆ ಕ್ಷಮಿಸಿ.

ನೀವು ಜನವರಿಯಲ್ಲಿ ಹೊರಟ ಮೇಲೆ ಸಮಿತಿಯವರು ಬೇರೆ ಮೇಷ್ಟ್ರನ್ನು ಹುಡುಕಿದರು. ಈ ಬೆಟ್ಟ ಹತ್ತಿ ಬರಲು ಯಾರೂ ಒಪ್ಪಲಿಲ್ಲ. ಕೊನೆಗೆ ಅಧ್ಯಕ್ಷ ಅರ್ನಾಲ್ದು ನೀವು ತಾಳ ತೋರಿಸುತ್ತಿದ್ದ ಕೋಲನ್ನು ನನ್ನ ಕೈಗೆ ಕೊಟ್ಟು, "ಅವರು ಬರೋ ತನಕ ನೀನೇ ನೋಡ್ಕೋ. ಇಪ್ಪತ್ತೆರಡು ವರ್ಷದಿಂದ ಅವರ ಎದುರಿಗೇ ಕೂತಿದ್ದೀಯಲ್ಲ" ಎಂದರು. ಎದುರಿಗೆ ಕೂತವರೆಲ್ಲ ಮೇಷ್ಟ್ರಾಗುವುದಿದ್ದರೆ ನಮ್ಮ ಚರ್ಚಿನ ಬೆಂಚುಗಳೆಲ್ಲ ಇಷ್ಟು ಹೊತ್ತಿಗೆ ಪಾದ್ರಿಗಳಾಗಬೇಕಿತ್ತು. ನಾನು ಕ್ಲಾರಿನೆಟ್ ಊದುವವಳು, ಅಷ್ಟೇ. ಕೋಲನ್ನು ಬೀರುವಿನಲ್ಲಿಟ್ಟು, ನನ್ನ ಕುರ್ಚಿಯಲ್ಲೇ ಕೂತು, ಊದುತ್ತ ಊದುತ್ತಲೇ ತಲೆಯಾಡಿಸಿ ತಾಳ ತೋರಿಸುತ್ತೇನೆ. ನೀವು ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಲು ಕಾಲು ಬರುವುದಿಲ್ಲ.

ಆದರೆ ಚಿಂತೆ ಬೇರೆಯೇ ಇದೆ. ಸೆಪ್ಟೆಂಬರ್ ಹನ್ನೊಂದಕ್ಕೆ ನಮ್ಮ ಬ್ಯಾಂಡಿಗೆ ನೂರು ವರ್ಷ. ಅವತ್ತು ಚೌಕದಲ್ಲಿ ಎರಡು ವೇದಿಕೆ ಕಟ್ಟಿ, ಸೊಬ್ರೇದಾ ಊರಿನ ಬ್ಯಾಂಡನ್ನೂ ಕರೆಸಿ, ಸರದಿಯ ಮೇಲೆ ನುಡಿಸುವುದೆಂದು ನಿಶ್ಚಯವಾಗಿದೆ. ಅವರು ನಲವತ್ತೆರಡು ಜನ. ನಾವು, ಫ್ರಾನ್ಸಿಗೆ ದುಡಿಯಲು ಹೋದವರನ್ನು ಬಿಟ್ಟರೆ, ಹತ್ತೊಂಬತ್ತು. ಅವತ್ತು ಮಾನ ಹೋದರೆ ಬ್ಯಾಂಡನ್ನು ಸೊಬ್ರೇದಾದವರ ಜೊತೆ ಸೇರಿಸಿಬಿಡೋಣ ಎಂದು ಅರ್ನಾಲ್ದು ಸಭೆಯಲ್ಲೇ ಹೇಳಿದ್ದಾರೆ. ಸೇರಿಸುವುದು ಅಂದರೆ ಮುಳುಗಿಸುವುದೆಂದು ಎಲ್ಲರಿಗೂ ಗೊತ್ತು.

ಯಾವ ಕೃತಿ ನುಡಿಸಬೇಕು, ಹೇಗೆ ನುಡಿಸಬೇಕು, ದಯವಿಟ್ಟು ತಿಳಿಸಿ. ನೀವು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತೇನೆ.

ನಿಮ್ಮ ಅಲ್ಪ ಶಿಷ್ಯೆ,
ಗ್ರಾಸಿಯೆತ್

*

ಅವೈರು,
15 ಮಾರ್ಚ್ 1988

ಗ್ರಾಸಿಯೆತ್,

ನಿನ್ನ ಕಾಗದ ತಲುಪಿತು. ನನಗೆ ಎದೆಯ ತೊಂದರೆ. ಡಾಕ್ಟರು ಇಲ್ಲೇ ಇರು ಎಂದಿದ್ದಾರೆ. ಯಾವಾಗ ಬರುತ್ತೇನೆಂದು ಹೇಳಲಾರೆ. ಫೋನ್ ಮಾಡಬೇಡ. ಸಂಗೀತದ ವಿಷಯ ತಂತಿಯಲ್ಲಿ ಮಾತಾಡುವಂಥದ್ದಲ್ಲ.

'ಚಂಡಮಾರುತ'ವನ್ನೇ ನುಡಿಸಬೇಕು. ಇದರಲ್ಲಿ ಎರಡು ಮಾತಿಲ್ಲ. ಹದಿನಾರು ವರ್ಷದ ಹಿಂದೆ ಅದೇ ಕೃತಿಯಿಂದ ಸೊಬ್ರೇದಾದವರಿಗೆ ಅದೇ ಚೌಕದಲ್ಲಿ ಮಣ್ಣು ಮುಕ್ಕಿಸಿದ್ದೇವೆ. ವೇಗ ಇಳಿಸಬೇಡ. ಎರಡನೇ ಕ್ಲಾರಿನೆಟ್‌ನವರ ಮೇಲೆ ಕಣ್ಣಿಡು. ಹಿಂದೆ ಬೀಳುವುದು ಅವರ ಹುಟ್ಟುಗುಣ. ಟ್ಯೂಬಾ ಊದುವ ಜೆಫೆರೀನು ವಯಸ್ಸು ಎಪ್ಪತ್ತೊಂದಾಯಿತೆಂದು ನೆಪ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ.

ಏನೂ ತೋಚದಾಗ, ಮೇಷ್ಟ್ರು ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಕೇಳಿಕೋ. ಉತ್ತರ ಸಿಗುತ್ತದೆ.

ಬೆಲ್ಮೀರು ಕಿಂತೆಲಾ

*

ಫೊಂತೆಲಾ,
2 ಮೇ 1988

ಪೂಜ್ಯ ಮೇಷ್ಟ್ರಿಗೆ,

ನೀವು ಹೇಳಿದಂತೆಯೇ ಏಳು ವಾರದಿಂದ 'ಚಂಡಮಾರುತ' ಹಿಡಿದಿದ್ದೇವೆ. ಇಪ್ಪತ್ತು ನಿಮಿಷದ ಕೃತಿ ಒಂದು ದಿನವೂ ಕೊನೆ ಮುಟ್ಟಿಲ್ಲ. ಮೂರನೇ ಭಾಗಕ್ಕೆ ಬರುವಷ್ಟರಲ್ಲಿ ಜೆಫೆರೀನಜ್ಜನ ಮುಖ ಬೀಟ್ರೂಟಿನಂತಾಗುತ್ತದೆ. ಹತ್ತೊಂಬತ್ತು ಜನ ನಲವತ್ತು ಜನರ ಸದ್ದು ಮಾಡಲು ಹೋಗಿ ಎಲ್ಲರೂ ಕಿರುಚಿದಂತೆ ಕೇಳುತ್ತದೆ. ಕೃತಿ ನಮಗೆ ದೊಡ್ಡದಾಯಿತೇನೋ ಎಂದು ಒಂದು ಕ್ಷಣ ಅನಿಸಿತು. ಆದರೆ ತಪ್ಪು ನನ್ನಲ್ಲೇ ಇರಬೇಕು.

ಮೊನ್ನೆ ಅಭ್ಯಾಸದಲ್ಲಿ "ಇಲ್ಲಿ ಮೇಷ್ಟ್ರು ಜೋರಾಗಿ ನುಡಿಸ್ತಿದ್ರು" ಎಂದೆ. ಜೆಫೆರೀನಜ್ಜ ಟ್ಯೂಬಾವನ್ನು ನೆಲಕ್ಕಿಟ್ಟು, "ಮೇಷ್ಟ್ರಿಗೆ ಏನನ್ಸುತ್ತೆ ಅಂತ ನೂರು ಸಲ ಹೇಳಿದ್ದೀಯ ಮಾರಾಯ್ತಿ. ನಿಂಗೇನನ್ಸುತ್ತೆ, ಅದನ್ನ ಹೇಳು" ಎಂದ. ನನಗೆ ಅಳು ಬಂದು, ಕ್ಲಾರಿನೆಟ್ಟಿನ ಮುಚ್ಚಳ ಹುಡುಕುವ ನೆಪ ಮಾಡಿಕೊಂಡು ಬಗ್ಗಿದೆ.

ನನ್ನ ಗಂಡ ಅದೆರಿತು ಅವರ ರೆಕಾರ್ಡರಿನಲ್ಲಿ ಕಳೆದ ಶನಿವಾರದ ಅಭ್ಯಾಸವನ್ನು ಹಿಡಿದು ಈ ಕ್ಯಾಸೆಟ್ ಕಳಿಸುತ್ತಿದ್ದೇನೆ. ಕೇಳಿ, ಇದ್ದದ್ದು ಇದ್ದ ಹಾಗೆ ಹೇಳಿ. ನೀವು ಬೈದರೂ ಅದು ನನಗೆ ಪಾಠವೇ.

ನಿಮ್ಮ ಅಲ್ಪ ಶಿಷ್ಯೆ,
ಗ್ರಾಸಿಯೆತ್

*

ಅವೈರು,
20 ಮೇ 1988

ಗ್ರಾಸಿಯೆತ್,

ಕ್ಯಾಸೆಟ್ ಕೇಳಿದೆ. ಎರಡು ಸಲ.

ಆರಂಭ ಪರವಾಗಿಲ್ಲ. ಎರಡನೇ ಕ್ಲಾರಿನೆಟ್‌ನವರು, ನಾನು ಹೇಳಿರಲಿಲ್ಲವೇ, ಹಿಂದೆ ಬೀಳುತ್ತಿದ್ದಾರೆ. ಜೆಫೆರೀನು ಉಸಿರಿಗೆ ಕಷ್ಟಪಡುತ್ತಾನೆ, ಆದರೂ ನಿಂತಿದ್ದಾನೆ. ಮೂರನೇ ಭಾಗದಲ್ಲಿ ಗದ್ದಲ ಹೆಚ್ಚಾಯಿತು. ಡೋಲಿನವನನ್ನು ಹದ್ದುಬಸ್ತಿನಲ್ಲಿಡು. ಒಟ್ಟಿನಲ್ಲಿ ನಿನ್ನ ಭಯ ಪ್ರತಿ ಸ್ವರದಲ್ಲೂ ಕೇಳಿಸುತ್ತದೆ. ನನ್ನ ಕಿವಿಯಿಂದ ಅದನ್ನು ಮುಚ್ಚಿಡಲಾಗದು.

'ಚಂಡಮಾರುತ' ಬಿಡಬೇಡ.

ಬೆಲ್ಮೀರು ಕಿಂತೆಲಾ

*

ಫೊಂತೆಲಾ,
12 ಜೂನ್ 1988

ಶ್ರೀ ಬೆಲ್ಮೀರು ಕಿಂತೆಲಾ ಅವರಿಗೆ,

ಕ್ಯಾಸೆಟ್ಟಿನ ಬಗ್ಗೆ ತಾವು ಬರೆದದ್ದು ತಲುಪಿತು. ಇನ್ನು ಮುಂದೆ ತಾವು ನಮಗಾಗಿ ತೊಂದರೆ ತೆಗೆದುಕೊಳ್ಳುವ ಅಗತ್ಯವಿಲ್ಲ. 'ಚಂಡಮಾರುತ'ವನ್ನು ಕೈಬಿಟ್ಟಿದ್ದೇವೆ. ತಮ್ಮ ಆರೋಗ್ಯ ಸುಧಾರಿಸಲಿ.

ಗ್ರಾಸಿಯೆತ್ ಲೊರೆನ್ಸು

*

ಅವೈರು,
23 ಜೂನ್ 1988

ಗ್ರಾಸಿಯೆತ್,

ನಾಲ್ಕು ತಿಂಗಳು ಕೋಲು ಹಿಡಿದಿದ್ದಕ್ಕೆ ಪಿತ್ತ ನೆತ್ತಿಗೇರಿತೇ? 'ತಾವು', 'ತಮ್ಮ'! ಹದಿನಾರರ ಪ್ರಾಯದಲ್ಲಿ ಕ್ಲಾರಿನೆಟ್ಟನ್ನು ಪೊರಕೆಯಂತೆ ಹಿಡಿದು ಬಂದವಳಿಗೆ ಬೆರಳು ಎಲ್ಲಿಡಬೇಕೆಂದು ತೋರಿಸಿದವನು ನಾನು. ಎರಡು ತಪ್ಪು ಎತ್ತಿ ತೋರಿಸಿದರೆ ಸಹಿಸಲಾಗದವಳು ಬ್ಯಾಂಡಿನ ಎದುರು ನಿಲ್ಲಬಾರದು. ಅರ್ನಾಲ್ದುವಿಗೆ ಇಂದೇ ಬರೆಯಬೇಕೆಂದಿದ್ದೆ. ನಿನ್ನ ಉತ್ತರಕ್ಕೆ ಒಂದು ಅವಕಾಶ ಕೊಟ್ಟಿದ್ದೇನೆ.

ಬೆಲ್ಮೀರು ಕಿಂತೆಲಾ

*

ಫೊಂತೆಲಾ,
3 ಜುಲೈ 1988

ಮೇಷ್ಟ್ರೇ,

ಉತ್ತರ ಬೇಕೆಂದಿರಿ. ತೆಗೆದುಕೊಳ್ಳಿ.

ಜೂನ್ ಮೊದಲ ವಾರ ಅದೆರಿತು ಕಾಫಿ ಅಂಗಡಿಗೆ ತನ್ನ ರೆಕಾರ್ಡರ್ ಹೊತ್ತು ಹೋದ. ರೇಡಿಯೋದಿಂದ ಹಿಡಿದಿಟ್ಟ ಫುಟ್‌ಬಾಲ್ ಕಾಮೆಂಟರಿಯನ್ನು ಗೆಳೆಯರಿಗೆಲ್ಲ ಕೇಳಿಸಬೇಕಿತ್ತಂತೆ. "ಸುಮ್ನಿರ್ರೋ, ಈಗ ಬರುತ್ತೆ ನೋಡಿ ಗೋಲು" ಎಂದು ಗುಂಡಿ ಒತ್ತಿದ. ಬಂದದ್ದು ಜೆಫೆರೀನಜ್ಜನ ಟ್ಯೂಬಾದ ದಪ್ಪ ದನಿ. ಅಂಗಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. "ಇದ್ಯಾವ ಗೂಳಿನಪ್ಪಾ ಗೋಲ್ ಹೊಡೆದದ್ದು?" ಎಂದು ಯಾರೋ ಕೇಳಿದರಂತೆ. ಅದೆರಿತು ಮನೆಗೆ ಬಂದು, "ಲೇ ಗ್ರಾಸಿಯೆತ್, ಮೇಷ್ಟ್ರಿಗೆ ನೀನು ಕಳಿಸಿದ್ದು ಏನೇ?" ಎಂದ.

ನಾನು ನಿಮಗೆ ಕಳಿಸಿದ್ದು ಫುಟ್‌ಬಾಲ್ ಮೇಷ್ಟ್ರೇ. ತೊಂಬತ್ತು ನಿಮಿಷದ ಫುಟ್‌ಬಾಲ್. ನೀವು ಅದನ್ನು ಎರಡು ಸಲ ಕೇಳಿ, ಎರಡನೇ ಕ್ಲಾರಿನೆಟ್‌ನವರು ಹಿಂದೆ ಬೀಳುತ್ತಾರೆ ಎಂದಿರಿ.

ನೀವು ಬೈದಿದ್ದರೆ ನನಗೆ ನೋವಾಗುತ್ತಿರಲಿಲ್ಲ. ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕುವಷ್ಟೂ ನಾವು ನಿಮಗೆ ಬೇಕಾಗಲಿಲ್ಲವಲ್ಲ, ಅದು ನೋವು. ಅವತ್ತು ಗೋಡೆ ಕಡೆ ತಿರುಗಿ ಕೂತು ಅತ್ತೆ. ಆಮೇಲೆ ಒಂದು ಯೋಚನೆ ಬಂತು. ಏಳು ವಾರ ನಾನು ನನ್ನ ಕಿವಿಯನ್ನು ನಂಬದೆ ನಿಮ್ಮ ಕಿವಿಯನ್ನು ನಂಬಿದ್ದೆ. ನಿಮ್ಮದು ಈ ವಿಷಯದಲ್ಲಿ ತೆರೆದೇ ಇರಲಿಲ್ಲ. ನನ್ನದಾದರೂ ಪ್ರತಿ ಶನಿವಾರ ಅಲ್ಲೇ ಇತ್ತು. ಅದು ಮೊದಲ ದಿನದಿಂದಲೂ ಹೇಳುತ್ತಿತ್ತು, ಈ ಕೃತಿ ನಮ್ಮ ಮೈಗೆ ಸಲ್ಲುವುದಿಲ್ಲ ಎಂದು.

ಅದಕ್ಕೆ 'ಗಿರಣಿಯ ಸಂಜೆ' ಆರಿಸಿದ್ದೇನೆ. ಸಣ್ಣದು, ನಿಧಾನದ್ದು. ಹತ್ತೊಂಬತ್ತು ಜನರಲ್ಲಿ ಒಬ್ಬೊಬ್ಬರ ಉಸಿರೂ ಕೇಳುತ್ತದೆ. ಬೀರುವಿನಿಂದ ಕೋಲು ತೆಗೆದು ಎದ್ದು ನಿಂತಿದ್ದೇನೆ. ಮೊದಲ ದಿನ ಕೈ ಜಾರಿ ಕೋಲು ಡೋಲಿನವನ ಮಡಿಲಿಗೆ ಬಿತ್ತು. ಈಗ ಬೀಳುವುದಿಲ್ಲ.

ಅರ್ನಾಲ್ದುವಿಗೆ ಬರೆಯುವುದಿದ್ದರೆ ಧಾರಾಳವಾಗಿ ಬರೆಯಿರಿ. ಹಾಗೆಯೇ ಆ ಫುಟ್‌ಬಾಲನ್ನು ವಾಪಸು ಕಳಿಸಿ. ಅದೆರಿತು ದಿನಾ ಕೇಳುತ್ತಾನೆ.

ಗ್ರಾಸಿಯೆತ್

*

ಅವೈರು,
19 ಆಗಸ್ಟ್ 1988

ಗ್ರಾಸಿಯೆತ್,

ನಿನ್ನ ಕಾಗದಕ್ಕೆ ಏಳು ವಾರ ಉತ್ತರ ಬರೆಯಲಿಲ್ಲ. ನಾಲ್ಕು ಸಲ ಶುರು ಮಾಡಿ ಹರಿದು ಹಾಕಿದೆ. ಅಕ್ಕ ಇವತ್ತು ಟೇಬಲ್ಲಿನ ಮೇಲೆ ಹಾಳೆಯಿಟ್ಟು, ಬರೆದು ಮುಗಿಸುವ ತನಕ ಊಟ ಇಲ್ಲವೆಂದು ಸನ್ನೆ ಮಾಡಿ ತೋರಿಸಿದ್ದಾಳೆ. ಹೌದು, ಸನ್ನೆ ಮಾಡಿ.

ನನಗೆ ಕಿವಿ ಕೇಳಿಸುವುದಿಲ್ಲ. ಎದೆಯ ತೊಂದರೆ ಎಂದದ್ದು ಸುಳ್ಳು.

ಮೂರು ವರ್ಷದ ಹಿಂದೆ ಶುರುವಾಯಿತು. ಮೊದಲು ಕೊಳಲಿನ ದನಿ ಹೋಯಿತು, ಆಮೇಲೆ ಕ್ಲಾರಿನೆಟ್‌ಗಳು, ಕೊನೆಗೆ ಜೆಫೆರೀನು. ನಿಮ್ಮೆಲ್ಲರ ಗಲ್ಲ, ಬೆರಳು, ಉಸಿರು ನೋಡಿಕೊಂಡು ಕೈ ಆಡಿಸುತ್ತಿದ್ದೆ. ಅನುಮಾನ ಬಂದಾಗಲೆಲ್ಲ ಎರಡನೇ ಕ್ಲಾರಿನೆಟ್‌ನವರನ್ನು ಬೈಯುತ್ತಿದ್ದೆ. ಯಾರನ್ನಾದರೂ ಬೈದರೆ ಮೇಷ್ಟ್ರಿಗೆ ಏನೋ ಕೇಳಿಸಿದೆ ಎಂದು ಎಲ್ಲರೂ ನಂಬುತ್ತಾರೆ. ಇದಾಲೀನಾ ಕ್ಲಾರಿನೆಟ್ಟನ್ನು ಪೆಟ್ಟಿಗೆಗೆ ಹಾಕಿ ಅಳುತ್ತ ಬ್ಯಾಂಡ್ ಬಿಟ್ಟು ಹೋದದ್ದು ನಿನಗೆ ನೆನಪಿರಬೇಕು. ಅವತ್ತು ಅವಳು ತಪ್ಪಿದಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಾಗಲು ದಾರಿಯೇ ಇರಲಿಲ್ಲ.

ಒಂದು ಮಾತು ಮಾತ್ರ ನೀನು ತಪ್ಪು ತಿಳಿದಿದ್ದೀಯ. ನಿನ್ನ ಕ್ಯಾಸೆಟ್ಟನ್ನು ನಾನು ಯಂತ್ರಕ್ಕೆ ಹಾಕಿದ್ದೆ. ಎರಡು ಸಲ ಎಂದದ್ದೂ ನಿಜ. ಸ್ಪೀಕರಿನ ಮೇಲೆ ಅಂಗೈ ಇಟ್ಟು ಕೂತಿದ್ದೆ. ಕೊನೆಕೊನೆಗೆ ಅದು ಜೋರಾಗಿ ಅದುರಿತು. ಡೋಲಿನವನು ಹದ್ದು ಮೀರಿದ ಎಂದುಕೊಂಡೆ. ಅದು ಗೋಲಿಗೆ ಕೂಗಿದ ಜನ ಇರಬೇಕು.

ಉಳಿದದ್ದೆಲ್ಲ ಮೂವತ್ತೊಂದು ವರ್ಷದ ಅಭ್ಯಾಸದಿಂದ ಊಹಿಸಿ ಬರೆದೆ. ಕೇಳಿಸುವುದಿಲ್ಲ ಎಂಬ ಒಂದು ಮಾತು ಬರೆಯಲು ನನ್ನ ಕೈಯಲ್ಲಾಗಲಿಲ್ಲ. ನೀನು ನಿನ್ನನ್ನು ಅಲ್ಪಳೆಂದು ಬರೆದಾಗಲೆಲ್ಲ ನನಗೆ ಒಳಗೊಳಗೆ ಹಿತವಾಗುತ್ತಿತ್ತು. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಇದಾಲೀನಾಗೆ ನನ್ನ ಪರವಾಗಿ ಕ್ಷಮೆ ಕೇಳು. ಅರ್ನಾಲ್ದುವಿಗೆ ನಾನು ಏನೂ ಬರೆದಿಲ್ಲ. ಕ್ಯಾಸೆಟ್ ಇದರೊಡನೆ ಇದೆ.

ಬೆಲ್ಮೀರು

*

ಫೊಂತೆಲಾ,
28 ಆಗಸ್ಟ್ 1988

ಪ್ರೀತಿಯ ಮೇಷ್ಟ್ರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಬೇರೆ ಯಾರಿಗೂ ತೋರಿಸಿಲ್ಲ. ಕಟುವಾಗಿ ಬರೆದೆ, ಅದು ತಪ್ಪಾಯಿತು. ಫೋನಿಗೆ ಬರದವರು ಯಾಕೆ ಬರುತ್ತಿಲ್ಲ ಎಂದು ನನಗೆ ತೋಚಬೇಕಿತ್ತು. ಮೂರು ವರ್ಷ ನೀವು ಒಬ್ಬರೇ ಅದನ್ನು ಹೊತ್ತುಕೊಂಡು ನಮ್ಮೆದುರು ನಿಂತಿದ್ದಿರಲ್ಲ. ಎದುರಿಗೇ ಕೂತಿದ್ದ ನನಗೆ ಗೊತ್ತಾಗಲಿಲ್ಲ.

ಆದರೆ 'ಚಂಡಮಾರುತ' ನುಡಿಸುವುದಿಲ್ಲ. ಅದರಲ್ಲಿ ಬದಲಾವಣೆಯಿಲ್ಲ.

ಇದಾಲೀನಾ ಬಳಿ ನಾನು ಕ್ಷಮೆ ಕೇಳುವುದೂ ಇಲ್ಲ. ಬೈದವರು ನೀವು, ಬರೆಯಬೇಕಾದವರೂ ನೀವು. ಅವಳ ವಿಳಾಸ ಹಿಂದುಗಡೆ ಬರೆದಿದ್ದೇನೆ.

ಹನ್ನೊಂದನೇ ತಾರೀಖು ಬನ್ನಿ. ಕೇಳುವುದಕ್ಕಲ್ಲ, ನಮ್ಮ ಜೊತೆ ಇರುವುದಕ್ಕೆ.

ಗ್ರಾಸಿಯೆತ್

*

ಫೊಂತೆಲಾ,
13 ಸೆಪ್ಟೆಂಬರ್ 1988

ಪ್ರೀತಿಯ ಮೇಷ್ಟ್ರಿಗೆ,

ನೀವು ಬರಲಿಲ್ಲ. ದಾರಿ ನೋಡಿದೆ. ಏನಾಯಿತೆಂದು ನಿಮಗೆ ಹೇಳದೆ ಇರಲಾರೆ.

ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ಸೊಬ್ರೇದಾದವರು ಹೊಸ ನೀಲಿ ಸಮವಸ್ತ್ರದಲ್ಲಿ ಬಂದಿದ್ದರು. ಅವರು ನುಡಿಸಿದರೆ ಔಷಧಿ ಅಂಗಡಿಯ ಗಾಜು ನಡುಗುತ್ತಿತ್ತು. ಮೊದಲ ಎರಡು ಸರದಿ ನಾವು ಕವಾಯತಿನ ಹಾಡು ನುಡಿಸಿ ಹೇಗೋ ಮಾನ ಉಳಿಸಿಕೊಂಡೆವು. ಮೂರನೇ ಸರದಿಗೆ 'ಗಿರಣಿಯ ಸಂಜೆ'.

ಎರಡು ನಿಮಿಷ ಚೆನ್ನಾಗಿ ಹೋಯಿತು. ಆಮೇಲೆ ಕಹಳೆಯವರಿಗೆ ಒಂದು ಸಾಲು ಮೊದಲೇ ಕೈ ತೋರಿಸಿಬಿಟ್ಟೆ. ಪಾಪ, ಅವರು ನಂಬಿ ಊದಿದರು. ಕ್ಲಾರಿನೆಟ್‌ನವರು ಹಾಳೆ ನೋಡಿ ಊದಿದರು. ಎಲ್ಲ ಕಲಸಿಹೋಯಿತು. ಹಾಗೇ ಎಳೆದುಕೊಂಡು ಹೋಗಬಹುದಿತ್ತು. ನೀವಾಗಿದ್ದರೆ ಕಹಳೆಯವರನ್ನು ದುರುಗುಟ್ಟಿ ನೋಡಿ ಮುಂದೆ ಹೋಗುತ್ತಿದ್ದಿರಿ. ಜನ ಅವರದೇ ತಪ್ಪು ಅಂದುಕೊಳ್ಳುತ್ತಿದ್ದರು. ನಾನು ಕೈ ಕೆಳಗಿಳಿಸಿದೆ.

ಬ್ಯಾಂಡ್ ನಿಂತಿತು. ಸೊಬ್ರೇದಾ ಕಡೆಯಿಂದ ಒಬ್ಬ ಸಿಳ್ಳೆ ಹಾಕಿ, "ಏನಮ್ಮಾ, ಸೂಪು ಸೀದ್ಹೋಯ್ತಾ?" ಎಂದು ಕೂಗಿದ. ಎಲ್ಲರೂ ನಕ್ಕರು. ನನ್ನ ಕಿವಿಯೆಲ್ಲ ಬಿಸಿಯಾಯಿತು. ಜನರ ಕಡೆ ತಿರುಗಿ, "ಸೀದಿಲ್ಲಪ್ಪ, ಉಪ್ಪು ಬೇಗ ಹಾಕಿಬಿಟ್ಟೆ. ತಪ್ಪು ನಂದು, ಇವರದ್ದಲ್ಲ. ಮತ್ತೆ ಮೊದಲಿಂದ ನುಡಿಸ್ತೀವಿ, ಕೇಳಿ" ಎಂದೆ. ನನ್ನ ಬಾಯಿಂದ ಅಷ್ಟು ದೊಡ್ಡ ದನಿ ಹೇಗೆ ಬಂತೋ ಗೊತ್ತಿಲ್ಲ.

ಹನ್ನೊಂದು ನಿಮಿಷ ಮೇಷ್ಟ್ರೇ. ಇಪ್ಪತ್ತು ಜನ (ಇದಾಲೀನಾ ವಾಪಸು ಬಂದಿದ್ದಾಳೆ, ನಿಮ್ಮ ಕಾಗದದಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ) ಒಂದೇ ಉಸಿರಿನಲ್ಲಿ ಇದ್ದಂತಿತ್ತು. ಕಹಳೆಯವರು ಈ ಸಲ ನನ್ನನ್ನು ಎಷ್ಟು ದಿಟ್ಟಿಸಿ ನೋಡುತ್ತಿದ್ದರೆಂದರೆ ನನಗೇ ನಾಚಿಕೆಯಾಯಿತು. ಕೊನೆಯ ಸ್ವರ ಜೆಫೆರೀನಜ್ಜನದು. ಅವನು ಅದನ್ನು ಹಿಡಿದೇ ಇದ್ದ, ಹಿಡಿದೇ ಇದ್ದ. ಅದು ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿದರು.

ಗೆದ್ದೆವು ಎನ್ನಲಾರೆ. ಸೊಬ್ರೇದಾದವರು ನಮಗಿಂತ ಚೆನ್ನಾಗಿ ನುಡಿಸುತ್ತಾರೆ, ಅದು ನಿಜ. ಆದರೆ ಊಟದ ಹೊತ್ತಿನಲ್ಲಿ ಅವರ ಮೇಷ್ಟ್ರು ವಾಲ್ದೆಮಾರ್ ಉಪ್ಪುಮೀನಿನ ತಟ್ಟೆ ಹಿಡಿದು ನಮ್ಮ ಮೇಜಿಗೇ ಬಂದರು. ನಡುವೆ ಬ್ಯಾಂಡ್ ನಿಲ್ಲಿಸುವ ಧೈರ್ಯ ತನಗೆ ಯಾವತ್ತೂ ಬಂದಿಲ್ಲ ಎಂದರು. ಅರ್ನಾಲ್ದು ಮೆಲ್ಲಗೆ ಸೇರಿಸುವ ವಿಷಯ ತೆಗೆದಾಗ, "ಅಯ್ಯೋ, ಬಿಡಿ ಸ್ವಾಮಿ. ನಿಮ್ಮನ್ನೂ ನುಂಗಿಬಿಟ್ರೆ ಆಮೇಲೆ ನಮ್ಮೆದುರಿಗೆ ನಿಲ್ಲೋರು ಯಾರು?" ಎಂದರು.

ಅಲ್ಲಿಗೆ ಆ ಮಾತು ಮುಗಿಯಿತು. ಅರ್ನಾಲ್ದು ನನ್ನ ಕಡೆ ತಿರುಗಿ, "ಹಂಗಾದ್ರೆ ಮೇಷ್ಟ್ರು ಬರೋ ತನಕ ಅನ್ನೋದು ಬೇಡ. ನೀನೇ ಇರ್ತೀಯಾ?" ಎಂದು ಕೇಳಿದರು. ಯೋಚಿಸಿ ಹೇಳುತ್ತೇನೆ ಎನ್ನಲು ಬಾಯಿ ತೆರೆದೆ. "ಇರ್ತೀನಿ" ಎಂದು ಬಂತು.

ಗ್ರಾಸಿಯೆತ್

*

ಅವೈರು,
25 ಸೆಪ್ಟೆಂಬರ್ 1988

ಗ್ರಾಸಿಯೆತ್,

ನಾನು ಬಂದಿದ್ದೆ.

ಬೆಳಗಿನ ಬಸ್ಸಿಗೆ ಬಂದು, ಟೊಪ್ಪಿಗೆ ಹಣೆಯ ತನಕ ಎಳೆದುಕೊಂಡು ಔಷಧಿ ಅಂಗಡಿಯ ಮೂಲೆಯಲ್ಲಿ ನಿಂತಿದ್ದೆ. ಯಾರಾದರೂ ಮಾತಾಡಿಸಿದರೆ ಎಂಬ ಭಯಕ್ಕೆ ಸಂಜೆ ಐದರ ಬಸ್ಸಿಗೆ ಹೊರಟುಬಿಟ್ಟೆ. ಹೇಡಿತನ, ಒಪ್ಪಿಕೊಂಡೆ.

ನನಗೆ ಒಂದು ಸ್ವರವೂ ಕೇಳಿಸಲಿಲ್ಲ. ಕಂಡದ್ದನ್ನು ಹೇಳುತ್ತೇನೆ. ಇದಾಲೀನಾ ಎರಡನೇ ಸಾಲಿನ ತುದಿಯಲ್ಲಿದ್ದಳು. ನಾನು ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ನಿನ್ನ ಕೈಗಿಂತ ಕೂದಲೆಳೆಯಷ್ಟೂ ಅವು ಹಿಂದೆ ಇರಲಿಲ್ಲ. ತಾಳ ತಪ್ಪಿದರೆ ಕಣ್ಣಿಗೇ ಕಾಣುತ್ತದೆ ಗ್ರಾಸಿಯೆತ್. ನಾನು ಆ ಮೂರು ವರ್ಷ ಬೈಯುವ ಬದಲು ಸರಿಯಾಗಿ ನೋಡಿದ್ದರೂ ಸಾಕಿತ್ತು.

ಆಮೇಲೆ ನೀನು ಕೈ ಇಳಿಸಿದೆ. ಮುಗಿಯಿತು, ನೂರು ವರ್ಷದ ಬ್ಯಾಂಡ್ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ನೀನು ಜನರ ಕಡೆ ತಿರುಗಿದೆ, ಏನೋ ಹೇಳಿದೆ, ಅವರ ಭುಜಗಳು ನಗುವಿನಿಂದ ಕುಣಿದವು. ನಿನ್ನ ಬ್ಯಾಂಡಿನವರೂ ನಕ್ಕರು. ವೇದಿಕೆಯ ಮೇಲೆ ನನ್ನ ಬ್ಯಾಂಡ್ ನಕ್ಕದ್ದನ್ನು ಮೂವತ್ತೊಂದು ವರ್ಷದಲ್ಲಿ ನಾನು ಕಂಡಿಲ್ಲ. ನಕ್ಕ ಮುಖದಲ್ಲೇ ಇಪ್ಪತ್ತು ಜನ ಒಟ್ಟಿಗೆ ಉಸಿರು ಎಳೆದುಕೊಂಡರು. ಅದು ಸಾಕಾಯಿತು ನನಗೆ. ಮುಂದಿನದು ಚೆನ್ನಾಗಿರುತ್ತದೆಂದು ಗೊತ್ತಾಯಿತು.

ಏನು ಹೇಳಿದೆ ಎಂದು ನಿನ್ನ ಕಾಗದ ಬಂದ ಮೇಲೆ ತಿಳಿಯಿತು. ತಪ್ಪು ನನ್ನದು ಎಂಬ ಮಾತನ್ನು ನಾನು ಆ ಜಾಗದಲ್ಲಿ ನಿಂತು ಒಂದು ಸಲವೂ ಹೇಳಿರಲಿಲ್ಲ. ಹೇಳಿದರೆ ಕೆಳಗೆ ಬೀಳುತ್ತೇನೆ ಎಂದುಕೊಂಡಿದ್ದೆ. ನೀನು ಬೀಳಲಿಲ್ಲ.

ಇದರೊಡನೆ ಒಂದು ಕಟ್ಟು ಇದೆ. ಈ ತಿಂಗಳು ಒಂದು ಹೊಸ ಕೃತಿ ಬರೆದೆ. ಹಾಳೆಯ ಮೇಲೆ ಸರಿಯಾಗಿಯೇ ಕಾಣುತ್ತದೆ. ಕೇಳಲು ಸರಿಯಿದೆಯೋ ಇಲ್ಲವೋ ನೀನೇ ಹೇಳಬೇಕು. ಮುಲಾಜು ಬೇಡ.

ಬೆಲ್ಮೀರು

*

ಫೊಂತೆಲಾ,
9 ಅಕ್ಟೋಬರ್ 1988

ಪ್ರೀತಿಯ ಮೇಷ್ಟ್ರಿಗೆ,

ಮುಲಾಜು ಬೇಡ ಎಂದಿದ್ದೀರಿ. ಇಟ್ಟುಕೊಂಡಿಲ್ಲ.

ಎರಡು ಶನಿವಾರ ನುಡಿಸಿ ನೋಡಿದೆವು. ಮೊದಲ ಪುಟ ಬಹಳ ಚೆನ್ನಾಗಿದೆ. ಇದಾಲೀನಾ ಮನೆಗೆ ಹೋಗುವಾಗಲೂ ಅದನ್ನೇ ಗುನುಗುತ್ತಿದ್ದಳು. ಮೂರನೇ ಪುಟದಲ್ಲಿ ಮೂರು ಸಾಲು ಪೂರ್ತಿ ಹೊಡೆದು ಹಾಕಿದ್ದೇನೆ. ಅಲ್ಲಿ ನೀವು ಹೇಳಿದ್ದನ್ನೇ ಮತ್ತೆ ಜೋರಾಗಿ ಹೇಳುತ್ತೀರಿ. ಟ್ಯೂಬಾಗೆ ಬರೆದದ್ದನ್ನು ಅರ್ಧಕ್ಕಿಳಿಸಿದ್ದೇನೆ. ಜೆಫೆರೀನಜ್ಜ ಹಾಳೆ ನೋಡಿ, "ಈ ಮನುಷ್ಯ ನನ್ನ ಹೊಟ್ಟೆಯೊಳಗೆ ಕಮ್ಮಾರನ ತಿದಿ ಇದೆ ಅಂದ್ಕೊಂಡಿದ್ದಾನಾ?" ಎಂದ. ಈಗ ಸಮಾಧಾನವಾಗಿದ್ದಾನೆ.

ಇನ್ನೊಂದು ವಿಷಯ. ಬುಧವಾರ ಸಂಜೆ ಸ್ವರ ಓದಲು ಕಲಿಯುತ್ತೇವೆಂದು ಏಳು ಜನ ಹೆಸರು ಕೊಟ್ಟಿದ್ದಾರೆ. ಅದರಲ್ಲಿ ಅರ್ನಾಲ್ದುವಿನ ಹೆಂಡತಿಯೂ ಇದ್ದಾರೆ, ಅದೆರಿತು ಕೂಡ ಇದ್ದಾನೆ, ದೇವರೇ ಕಾಪಾಡಬೇಕು. ಅವರು ವಾದ್ಯ ಮುಟ್ಟುವ ಮುನ್ನ ನಾಲ್ಕು ತಿಂಗಳು ಚಪ್ಪಾಳೆಯಲ್ಲೇ ತಾಳ ಕಲಿಯಬೇಕು. ತಾಳ ತಪ್ಪಿದರೆ ಕಣ್ಣಿಗೆ ಕಾಣುತ್ತದೆ ಎಂದು ನೀವೇ ಬರೆದಿದ್ದೀರಿ. ಕಲಿಸಲು ನಿಮಗಿಂತ ಬೇರೆಯವರು ನನಗೆ ಬೇಡ. ಕಿವಿಯ ವಿಷಯ ಅವರಿಗೆ ಹೇಳುವುದು ನಿಮಗೆ ಬಿಟ್ಟದ್ದು. ಆದರೆ ಮೊದಲ ದಿನವೇ ಹೇಳಿಬಿಡಿ, ಸುಲಭವಾಗುತ್ತದೆ.

ನಾಲ್ಕನೇ ಪುಟದಲ್ಲಿ ಒಂದು ಕಡೆ ಕ್ಲಾರಿನೆಟ್ ನಾನು ಎಣಿಸಿರದ ಸ್ವರಕ್ಕೆ ಏರುತ್ತದೆ. ಅದನ್ನು ಹತ್ತು ಸಲ ನುಡಿಸಿದೆ. ಒಮ್ಮೆ ತಪ್ಪು ಎನಿಸುತ್ತದೆ. ಮರುಸಲ, ಇಷ್ಟು ಚೆಂದದ್ದನ್ನು ನಾನು ಈವರೆಗೆ ಊದಿಲ್ಲ ಎನಿಸುತ್ತದೆ. ನಿಮ್ಮ ಕೈ ತಪ್ಪಿತೋ, ನಾನು ಇನ್ನೂ ಅಲ್ಲಿಗೆ ಬೆಳೆದಿಲ್ಲವೋ, ನನಗೆ ಗೊತ್ತಾಗುತ್ತಿಲ್ಲ. ಅದನ್ನು ಹೊಡೆದಿಲ್ಲ. ಸುತ್ತ ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದೇನೆ. ಬಂದು ಹೇಳಿಕೊಡಿ.

ನಿಮ್ಮ ಶಿಷ್ಯೆ,
ಗ್ರಾಸಿಯೆತ್
ಮೇಷ್ಟ್ರು, ಫೊಂತೆಲಾ ಬ್ಯಾಂಡ್